ಮೈಯ ನೀರು ಇಳಿಯುವಾಗ ಏರಿದ ಕ್ರಿಯಾಟಿನಿನ್

ಹೃದಯ ವೈಫಲ್ಯ ನನಗೆ ಹೊಸ ಕಾಯಿಲೆಯಲ್ಲ. ಹೃದಯದ ಸಂಕೋಚನ ಶಕ್ತಿ ಕುಗ್ಗಿದೆಯೆಂದು ಎಕೋ ಪರೀಕ್ಷೆಯಲ್ಲಿ ಗೊತ್ತಾಗಿ ಕೆಲವು ವರ್ಷಗಳಾಗಿದ್ದವು. ದಿನಕ್ಕೊಂದು 40 ಮಿಲಿಗ್ರಾಂ ಫ್ಯೂರೋಸೆಮೈಡ್, ಅಂದರೆ ನಾವೆಲ್ಲ ನೀರಿನ ಮಾತ್ರೆ ಎನ್ನುವುದು, ಅದರ ಜೊತೆಗೆ ಹೃದಯದ ಇತರ ಮಾತ್ರೆಗಳನ್ನು ನುಂಗಿಕೊಂಡು ನನ್ನ ಪಾಡಿಗೆ ನಾನಿದ್ದೆ. ಎದೆಯ ಸೋಂಕೊಂದು ಬಂದುಹೋದ ಮೇಲೆ ಆ ಹದ ತಪ್ಪಿತು. ಮೊದಲು ಸಂಜೆಯ ಹೊತ್ತಿಗೆ ಪಾದ ಊದಿಕೊಳ್ಳತೊಡಗಿತು, ಆಮೇಲೆ ಬಾವು ಮೊಣಕಾಲಿನವರೆಗೆ ಏರಿತು, ಕೊನೆಗೆ ಅಂಗಾತ ಮಲಗಿದರೆ ಉಸಿರು ಕಟ್ಟಿದಂತಾಗಿ ಗೋಡೆಗೆ ಒರಗಿ ಕುಳಿತೇ ರಾತ್ರಿ ಕಳೆಯಬೇಕಾಯಿತು. ಮಾತ್ರೆ ತಪ್ಪಿಸಿರಲಿಲ್ಲ, ಆದರೂ ಮೂತ್ರ ಮೊದಲಿನಂತೆ ಹೋಗುತ್ತಿರಲಿಲ್ಲ. ಅದಕ್ಕೂ ಕಾರಣವಿತ್ತೆಂದು ಆಸ್ಪತ್ರೆಯಲ್ಲಿ ತಿಳಿಯಿತು. ಮೈಯಲ್ಲಿ ನೀರು ತುಂಬಿಕೊಂಡಾಗ ಕರುಳಿನ ಗೋಡೆಯೂ ಊದಿಕೊಳ್ಳುತ್ತದೆ. ಚೆನ್ನಾಗಿದ್ದಾಗಲೇ ಸರಾಸರಿ ಅರ್ಧದಷ್ಟು ಮಾತ್ರ ರಕ್ತ ಸೇರುವ ಈ ಔಷಧ ಆಗ ಇನ್ನೂ ನಿಧಾನವಾಗಿ ಸೇರುತ್ತದೆ. ಇಂಥ ಹೊತ್ತಿನಲ್ಲಿ ಮಾತ್ರೆಯನ್ನು ಬಿಟ್ಟು ಅದೇ ಔಷಧವನ್ನು ನೇರವಾಗಿ ರಕ್ತನಾಳಕ್ಕೆ ಕೊಡುವುದು ಅದಕ್ಕಾಗಿಯೇ.

ದಾಖಲಾದ ಹೊತ್ತಿನಲ್ಲಿ ನನ್ನ ತೂಕ 76 ಕಿಲೊ ಇತ್ತು. ಬಾವು ಶುರುವಾಗುವ ಮೊದಲು ಅದು 68ರ ಆಸುಪಾಸಿನಲ್ಲಿರುತ್ತಿತ್ತು. ಮೂತ್ರಪಿಂಡದ ಕೆಲಸ ಹೇಗಿದೆ ಎಂದು ತಿಳಿಯಲು ನೋಡುವ ಕ್ರಿಯಾಟಿನಿನ್ ರಕ್ತದಲ್ಲಿ ಡೆಸಿಲೀಟರಿಗೆ 1.2 ಮಿಲಿಗ್ರಾಂ ಎಂದು ಬಂತು, ಅದು ನನ್ನ ಹಳೆಯ ರಿಪೋರ್ಟುಗಳಲ್ಲಿ ಇದ್ದಷ್ಟೇ. ಚಿಕ್ಕ ವಯಸ್ಸಿನ ಡ್ಯೂಟಿ ಡಾಕ್ಟರೊಬ್ಬರು ನನ್ನ ಮುಂಗಾಲಿನ ಎಲುಬಿನ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದು ಬಿಟ್ಟರು. ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿದು, ನಿಧಾನವಾಗಿ, ನಾನು ನೋಡುತ್ತಿದ್ದಂತೆಯೇ ತುಂಬಿಕೊಂಡಿತು. ಆಮೇಲೆ ಹಾಸಿಗೆಯ ತಲೆಭಾಗವನ್ನು ಅರ್ಧಕ್ಕೆ ಎತ್ತಿಸಿ, ಮುಖವನ್ನು ಪಕ್ಕಕ್ಕೆ ತಿರುಗಿಸಲು ಹೇಳಿ, ಕತ್ತಿನ ರಕ್ತನಾಳ ಎಲ್ಲಿಯವರೆಗೆ ಉಬ್ಬಿ ಮಿಡಿಯುತ್ತಿದೆ ಎಂಬುದನ್ನು ಕೈದೀಪ ಹಿಡಿದು ನೋಡಿದರು. ಇವೆರಡೂ ಯಂತ್ರ ಬೇಡದ ಪರೀಕ್ಷೆಗಳು. ಮುಂದೆ ನನ್ನ ಚಿಕಿತ್ಸೆಯ ದಿಕ್ಕನ್ನು ನಿರ್ಧರಿಸಿದ್ದರಲ್ಲಿ ಲ್ಯಾಬ್ ರಿಪೋರ್ಟಿಗಿಂತ ಇವುಗಳ ಪಾಲೇ ಹೆಚ್ಚು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮೊದಲ ಇಂಜೆಕ್ಷನ್ 40 ಮಿಲಿಗ್ರಾಂ. ಅದಾಗಿ ಎರಡು ಗಂಟೆಗೆ ಸರಿಯಾಗಿ ಒಂದು ಸಣ್ಣ ಸೀಸೆಯಲ್ಲಿ ಮೂತ್ರದ ಮಾದರಿ ತೆಗೆದುಕೊಂಡು ಹೋದರು. ಸೋಂಕಿದೆಯೋ ಎಂದು ನೋಡಲಿರಬಹುದು ಎಂದುಕೊಂಡೆ, ಆದರೆ ಅವರು ಅಳೆಯಲು ಹೊರಟಿದ್ದು ಮೂತ್ರದಲ್ಲಿರುವ ಸೋಡಿಯಂ ಅಂಶವನ್ನು. ಔಷಧ ಮೂತ್ರಪಿಂಡದ ಒಳಗೆ ತನ್ನ ಜಾಗ ಮುಟ್ಟಿ ಕೆಲಸ ಶುರುಮಾಡಿದ್ದರೆ ಉಪ್ಪು ಮೂತ್ರದ ಜೊತೆ ಹೊರಬೀಳಬೇಕು. ಎರಡು ಗಂಟೆಯ ಮಾದರಿಯಲ್ಲಿ ಸೋಡಿಯಂ ಲೀಟರಿಗೆ 50ರಿಂದ 70 ಮಿಲಿಮೋಲ್‌ಗಿಂತ ಕಡಿಮೆ ಬಂದರೆ, ಅಥವಾ ಮೊದಲ ಆರು ಗಂಟೆಗಳಲ್ಲಿ ಗಂಟೆಗೆ 100ರಿಂದ 150 ಮಿಲಿಲೀಟರಿನಷ್ಟೂ ಮೂತ್ರ ಬಾರದಿದ್ದರೆ, ಕೊಟ್ಟ ಪ್ರಮಾಣ ಸಾಲಲಿಲ್ಲ ಎಂದೇ ತಿಳಿಯಬೇಕಂತೆ. ಯುರೋಪಿನ ಹೃದ್ರೋಗ ತಜ್ಞರ ಸಂಘ 2021ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಈ ಕ್ರಮವಿದೆ. ನನ್ನ ಸೋಡಿಯಂ 50ನ್ನೂ ಮುಟ್ಟಲಿಲ್ಲ. ಮರುದಿನ ಬೆಳಗಿನವರೆಗೆ ಕಾಯದೆ ಮುಂದಿನ ಇಂಜೆಕ್ಷನ್ನನ್ನು 80ಕ್ಕೆ ಏರಿಸಿದರು. ಈ ಔಷಧ ಒಂದು ಮಟ್ಟ ಮುಟ್ಟುವ ತನಕ ಹೆಚ್ಚೇನೂ ಮಾಡುವುದಿಲ್ಲ, ಆ ಮಟ್ಟ ದಾಟಿದ ಮೇಲೆ ಅದರ ಕೆಲಸ ಬೇಗಬೇಗನೆ ಹೆಚ್ಚಿ ಒಂದು ಮಿತಿಯಲ್ಲಿ ನಿಲ್ಲುತ್ತದೆ. ಆದ್ದರಿಂದ ಸಾಲದ ಪ್ರಮಾಣವನ್ನೇ ಮತ್ತೆ ಮತ್ತೆ ಕೊಡುವುದಕ್ಕಿಂತ ದುಪ್ಪಟ್ಟು ಮಾಡುವುದು ಲೇಸು ಎಂದರು. ಆ ರಾತ್ರಿ ಅಳತೆಯ ಜಗ್ಗು ಎರಡು ಸಲ ತುಂಬಿತು. ಗೆರೆಗಳಿದ್ದ ಆ ಪ್ಲಾಸ್ಟಿಕ್ ಜಗ್ಗನ್ನು ಸಿಸ್ಟರ್ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಅಂಕಿಯನ್ನು ಗಟ್ಟಿಯಾಗಿ ಹೇಳಿ, ಹಾಸಿಗೆಯ ಕಾಲಿನ ಬಳಿ ತೂಗುಹಾಕಿದ್ದ ಪಟ್ಟಿಯಲ್ಲಿ ಬರೆಯುತ್ತಿದ್ದರು: ಕುಡಿದದ್ದು ಒಂದು ಕಡೆ, ಹೋದದ್ದು ಇನ್ನೊಂದು ಕಡೆ.

ಮೂತ್ರ ಚೆನ್ನಾಗಿ ಹೋಗತೊಡಗಿತು, ತೂಕ ಇಳಿಯಿತು, ಉಸಿರು ಹಗುರಾಯಿತು. ಅದೇ ವೇಳೆಗೆ ಕ್ರಿಯಾಟಿನಿನ್ 1.4 ಆಯಿತು, ಆಮೇಲೆ 1.7.

ಈ ಸಂಗತಿ ನನಗಿಂತ ಮೊದಲು ನನ್ನ ಮಗಳಿಗೆ ಗೊತ್ತಾಯಿತು. ರಿಪೋರ್ಟುಗಳು ಅವಳ ಫೋನಿಗೇ ಬರುತ್ತಿದ್ದವು ಮತ್ತು ಮಿತಿ ದಾಟಿದ ಅಂಕಿಗಳೆಲ್ಲ ಕೆಂಪಕ್ಷರದಲ್ಲಿರುತ್ತಿದ್ದವು. ಕೆಂಪಕ್ಷರ ಕಂಡರೆ ಯಾರಿಗೆ ತಾನೇ ಎದೆ ಝಲ್ಲೆನ್ನುವುದಿಲ್ಲ? ಅವಳು ನನ್ನ ತಮ್ಮನಿಗೆ ಹೇಳಿದಳು, ತಮ್ಮ ನನಗೆ ಫೋನ್ ಮಾಡಿದ. "ಅಕ್ಕ, ಆ ಇಂಜೆಕ್ಷನ್ ಮೊದಲು ನಿಲ್ಲಿಸೋಕೆ ಹೇಳು. ಹೃದಯ ಉಳಿಸ್ಕೊಳ್ಳೋಕೆ ಹೋಗಿ ಕಿಡ್ನಿ ಕಳ್ಕೊಂಡ್ರೆ ಏನು ಬಂತು?" ಎಂದ. ಅವನ ಮಾತು ಅರ್ಥವಿಲ್ಲದ್ದೇನೂ ಆಗಿರಲಿಲ್ಲ. 0.3ರಷ್ಟು ಅಥವಾ ಅದಕ್ಕಿಂತ ಹೆಚ್ಚು ಏರಿಕೆ ಕಂಡರೆ ಮೂತ್ರಪಿಂಡದ ಕಾರ್ಯ ಕುಂದಿದೆ ಎಂದೇ ವೈದ್ಯರೂ ಲೆಕ್ಕ ಹಾಕುತ್ತಾರೆ, ನನ್ನದು 0.5ರಷ್ಟು ಏರಿತ್ತು. ಅಂದು ರಾತ್ರಿಪಾಳಿಯ ಡಾಕ್ಟರು ಕೂಡ ಸಂಜೆಯ ಡೋಸನ್ನು ತಡೆಹಿಡಿದು, ಬೆಳಗ್ಗೆ ಹಿರಿಯರು ನೋಡಿ ಹೇಳಲಿ ಎಂದು ಪಟ್ಟಿಯಲ್ಲಿ ಬರೆದು ಹೋದರು.

ಬೆಳಗ್ಗೆ ಬಂದ ಹಿರಿಯ ವೈದ್ಯರು ರಿಪೋರ್ಟನ್ನು ಕೇಳಲೇ ಇಲ್ಲ. ಮೊದಲು ಕತ್ತನ್ನು ನೋಡಿದರು, ಆಮೇಲೆ ಕಾಲು ಒತ್ತಿದರು, ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ಎರಡೂ ಕಡೆಯ ಶ್ವಾಸಕೋಶದ ಬುಡವನ್ನು ಆಲಿಸಿದರು, ಕೈಬೆರಳುಗಳನ್ನು ಮುಟ್ಟಿ ಬೆಚ್ಚಗಿವೆಯೇ ಎಂದು ನೋಡಿದರು, ಮಲಗಿದಾಗ ಮತ್ತು ಎದ್ದು ನಿಂತಾಗ ರಕ್ತದೊತ್ತಡ ಅಳೆಸಿದರು. ನಂತರ ಸಣ್ಣದೊಂದು ಅಲ್ಟ್ರಾಸೌಂಡ್ ಯಂತ್ರ ತರಿಸಿ ಪಕ್ಕೆಲುಬುಗಳ ನಡುವೆ ಇಟ್ಟು ಶ್ವಾಸಕೋಶದಲ್ಲಿ ಇನ್ನೂ ನೀರಿದೆಯೆಂದು ಪರದೆಯ ಮೇಲಿನ ಬಿಳಿಗೆರೆಗಳನ್ನು ಮಗಳಿಗೂ ತೋರಿಸಿದರು. ಇಷ್ಟಾದ ಮೇಲೆಯೇ ಕ್ರಿಯಾಟಿನಿನ್ ಎಷ್ಟು ಎಂದು ಕೇಳಿದ್ದು. "ಅಮ್ಮಾ, ನಿಮ್ಮ ಮೈಯಲ್ಲಿ ಇನ್ನೂ ನಾಲ್ಕೈದು ಲೀಟರ್ ನೀರಿದೆ. ಅದನ್ನು ಒಳಗೇ ಬಿಟ್ಟು ಮನೆಗೆ ಕಳಿಸಿದರೆ ನಿಮ್ಮ ಕಿಡ್ನಿಗೆ ನಾನು ಯಾವ ಉಪಕಾರವನ್ನೂ ಮಾಡಿದ ಹಾಗಾಗುವುದಿಲ್ಲ" ಎಂದು ಹೇಳಿ, ತಡೆಹಿಡಿದ ಡೋಸನ್ನು ಕೂಡಲೇ ಕೊಡಲು ಬರೆದರು.

ಮಗಳು ಬಿಡದೆ ಕಾರಣ ಕೇಳಿದಳು, ಅವರೂ ಬೇಸರಿಸದೆ ಹೇಳಿದರು. ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ ಮೂತ್ರಪಿಂಡಗಳಿಗೇ ಹೋಗುತ್ತದೆ. ಹೃದಯ ಸೋತಾಗ ರಕ್ತ ಕಡಿಮೆ ತಲುಪಿ ಮೂತ್ರಪಿಂಡ ಸೊರಗುತ್ತದೆ ಎಂದೇ ನಾವೆಲ್ಲ ಭಾವಿಸುವುದು. ಅದು ಅರ್ಧ ಸತ್ಯ ಮಾತ್ರ. ರಕ್ತ ಒಳಬರುವ ಒತ್ತಡ ಎಷ್ಟು ಮುಖ್ಯವೋ ಹೊರಹೋಗುವ ದಾರಿ ತೆರವಾಗಿರುವುದೂ ಅಷ್ಟೇ ಮುಖ್ಯ. ಅಭಿಧಮನಿಗಳಲ್ಲಿ, ಅಂದರೆ ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ನಾಳಗಳಲ್ಲಿ, ರಕ್ತ ಒತ್ತರಿಸಿ ನಿಂತಿರುವಾಗ ಮೂತ್ರಪಿಂಡದ ಸ್ಥಿತಿ, ಕೆಳಗಿನ ಕಾಲುವೆ ಕಟ್ಟಿಕೊಂಡು ನೀರು ನಿಂತ ಗದ್ದೆಯಂತಾಗುತ್ತದೆ, ಮೇಲಿನಿಂದ ಎಷ್ಟು ಹರಿಸಿದರೂ ಫಲವಿಲ್ಲ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೃದಯ ವೈಫಲ್ಯ ಉಲ್ಬಣಿಸಿ ತೀವ್ರ ನಿಗಾ ಘಟಕ ಸೇರಿದ 145 ರೋಗಿಗಳನ್ನು ಪರಿಶೀಲಿಸಿದಾಗ, ಮೂತ್ರಪಿಂಡದ ಕಾರ್ಯ ಹದಗೆಡುವುದಕ್ಕೆ ಹೃದಯ ಹೊರಹಾಕುವ ರಕ್ತದ ಪ್ರಮಾಣಕ್ಕಿಂತ ಅಭಿಧಮನಿಗಳ ಈ ಒತ್ತಡವೇ ಹೆಚ್ಚು ನಿಕಟವಾಗಿ ಹೊಂದಿಕೊಂಡಿತ್ತಂತೆ. ಆ ಒತ್ತಡವನ್ನು ಇಳಿಸುವ ಕೆಲಸವನ್ನೇ ಈ ಇಂಜೆಕ್ಷನ್ ಮಾಡುತ್ತಿತ್ತು.

ಹಾಗಿದ್ದರೆ ಅಂಕಿ ಏರಿದ್ದೇಕೆ? ಕ್ರಿಯಾಟಿನಿನ್ ಎನ್ನುವುದು ಸ್ನಾಯುಗಳಲ್ಲಿ ದಿನವೂ ಉತ್ಪತ್ತಿಯಾಗುವ ಒಂದು ತ್ಯಾಜ್ಯ. ಮೂತ್ರಪಿಂಡ ಅದನ್ನು ಸೋಸುವ ವೇಗ ಸ್ವಲ್ಪ ತಗ್ಗಿದರೆ ರಕ್ತದಲ್ಲಿ ಅದು ಸ್ವಲ್ಪ ಹೆಚ್ಚುತ್ತದೆ. ಸೋಸುವಿಕೆ ತಗ್ಗಿದೆ ಎಂಬುದನ್ನಷ್ಟೇ ಅದು ಹೇಳಬಲ್ಲದು, ಯಾತಕ್ಕೆ ತಗ್ಗಿತು ಎಂಬುದನ್ನಲ್ಲ. ನೀರು ವೇಗವಾಗಿ ಹೋಗುವಾಗ, ಬಾವಿನಲ್ಲಿರುವ ನೀರು ರಕ್ತನಾಳಕ್ಕೆ ಮರಳುವುದು ಕೆಲವೊಮ್ಮೆ ಹಿಂದೆ ಬೀಳುತ್ತದೆ. ರಕ್ತದ ಪ್ರಮಾಣ ತಾತ್ಕಾಲಿಕವಾಗಿ ತಗ್ಗುತ್ತದೆ, ದೇಹದ ಉಪ್ಪು ಉಳಿಸುವ ಹಾರ್ಮೋನುಗಳು ಚುರುಕಾಗುತ್ತವೆ, ಸೋಸುವ ಒತ್ತಡ ಇಳಿಯುತ್ತದೆ. ಮೂತ್ರಪಿಂಡದ ಅಂಗಾಂಶಕ್ಕೆ ಪೆಟ್ಟು ಬಿದ್ದು ಜೀವಕೋಶಗಳು ನಾಶವಾಗುವುದು ಇದಕ್ಕಿಂತ ತೀರಾ ಬೇರೆ. ನನ್ನ ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಿದಾಗ ಅಂಥ ನಾಶದ ಕುರುಹುಗಳು ಕಾಣಲಿಲ್ಲ, ಪ್ರೋಟೀನೂ ಸೋರುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಈ ವಿಷಯದ ಬಗ್ಗೆ ಓದಿಕೊಂಡಾಗ ವೈದ್ಯರ ನಿಲುವು ಅವರೊಬ್ಬರದೇ ಧೈರ್ಯವಾಗಿರಲಿಲ್ಲ ಎಂದು ಗೊತ್ತಾಯಿತು. 2011ರಲ್ಲಿ ಪ್ರಕಟವಾದ ಡೋಸ್ ಎಂಬ ಪ್ರಯೋಗದಲ್ಲಿ 308 ರೋಗಿಗಳಿಗೆ ಫ್ಯೂರೋಸೆಮೈಡನ್ನು ಎರಡು ಬಗೆಯಲ್ಲಿ ಕೊಟ್ಟು ನೋಡಿದ್ದರು: ಕೆಲವರಿಗೆ ಅವರು ನುಂಗುತ್ತಿದ್ದ ಮಾತ್ರೆಯಷ್ಟೇ, ಇನ್ನು ಕೆಲವರಿಗೆ ಅದರ ಎರಡೂವರೆ ಪಟ್ಟು. ಹೆಚ್ಚು ಪ್ರಮಾಣ ಪಡೆದವರಲ್ಲಿ ಕ್ರಿಯಾಟಿನಿನ್ ಏರಿದವರು ಶೇಕಡಾ 23, ಕಡಿಮೆ ಪಡೆದವರಲ್ಲಿ ಶೇಕಡಾ 14. ಆದರೆ 60 ದಿನಗಳ ಹೊತ್ತಿಗೆ ಎರಡು ಗುಂಪುಗಳ ಮೂತ್ರಪಿಂಡದ ಕಾರ್ಯದಲ್ಲಿ ಅಂತರ ಉಳಿದಿರಲಿಲ್ಲ. 2012ರ ಇನ್ನೊಂದು ಅಧ್ಯಯನ ಸುಮಾರು 600 ರೋಗಿಗಳನ್ನು ಗಮನಿಸಿತ್ತು. ಕ್ರಿಯಾಟಿನಿನ್ ಏರಿದರೂ ಮೈಯ ನೀರು ಪೂರ್ತಿ ಇಳಿದವರ ಮುಂದಿನ ಸ್ಥಿತಿ ಕೆಟ್ಟಿರಲಿಲ್ಲ, ನೀರು ಉಳಿದೇ ಹೋಗಿ ಕ್ರಿಯಾಟಿನಿನ್ ಏರಿದವರದು ಕೆಟ್ಟಿತ್ತು. 2018ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಿರುಸಾಗಿ ನೀರು ಇಳಿಸಿಕೊಂಡ 283 ರೋಗಿಗಳ ಮೂತ್ರದಲ್ಲಿ ಅಂಗಾಂಶ ಹಾನಿಯ ಸೂಚಕಗಳನ್ನೇ ಅಳೆದರು, ಕ್ರಿಯಾಟಿನಿನ್ ಏರಿದವರಲ್ಲಿ ಆ ಸೂಚಕಗಳು ಏರಿರಲಿಲ್ಲ. ಗುಂಪಿನ ಸರಾಸರಿ ಒಬ್ಬ ರೋಗಿಗೆ ಕೊಡುವ ಭರವಸೆಯಲ್ಲ ಎಂಬುದು ನನಗೂ ಗೊತ್ತು. ಆದರೂ ಕೆಂಪಕ್ಷರದ ಅಂಕಿಯೊಂದನ್ನೇ ಹಿಡಿದು ಔಷಧ ನಿಲ್ಲಿಸುವುದು ಜಾಗರೂಕತೆಯ ಹೆಸರಿನಲ್ಲಿ ಮಾಡುವ ಅಪಾಯದ ಕೆಲಸ ಎಂಬ ಅಭಿಪ್ರಾಯಕ್ಕೆ ನಾನು ಬಂದಿದ್ದೇನೆ.

ಅಂಕಿ ಏರಿದರೆ ಎಂದೂ ಹೆದರಬೇಕಿಲ್ಲ ಎಂದು ಇದರಿಂದ ಯಾರೂ ತಿಳಿಯಬಾರದು. ನನ್ನ ಪಕ್ಕದ ಹಾಸಿಗೆಯಲ್ಲಿ ಇದ್ದವರಿಗೂ ಇದೇ ಕಾಯಿಲೆ, ಇದೇ ಇಂಜೆಕ್ಷನ್, ಅವರ ಕ್ರಿಯಾಟಿನಿನ್ನೂ ಏರುತ್ತಿತ್ತು. ಆದರೆ ಅವರ ಕೈಕಾಲು ತಣ್ಣಗಿದ್ದವು, ರಕ್ತದೊತ್ತಡ ತೀರಾ ಕಡಿಮೆಯಿತ್ತು, ಅವರು ಮಂಕಾಗಿ ಮಲಗಿರುತ್ತಿದ್ದರು, ಎಲ್ಲಕ್ಕಿಂತ ಹೆಚ್ಚಾಗಿ ಡೋಸ್ ಏರಿಸಿದರೂ ಜಗ್ಗಿನ ತಳ ಮುಚ್ಚುವಷ್ಟೂ ಮೂತ್ರ ಬರುತ್ತಿರಲಿಲ್ಲ. ಅಲ್ಲಿ ಹೃದಯ ಹೊರಹಾಕುವ ರಕ್ತವೇ ಸಾಲುತ್ತಿರಲಿಲ್ಲ. ಅವರನ್ನು ತೀವ್ರ ನಿಗಾ ಘಟಕಕ್ಕೆ ಒಯ್ದು ಹೃದಯದ ಸಂಕೋಚನಕ್ಕೆ ಬಲ ಕೊಡುವ ಔಷಧವನ್ನು ಶುರುಮಾಡಿದರು. ಇಬ್ಬರ ರಿಪೋರ್ಟಿನಲ್ಲಿ ಹೆಚ್ಚುಕಡಿಮೆ ಒಂದೇ ಅಂಕಿ ಇದ್ದರೂ ಚಿಕಿತ್ಸೆ ಬೇರೆಯಾದದ್ದನ್ನು ಕಣ್ಣಾರೆ ಕಂಡ ಮೇಲೆ ನನ್ನ ಮಗಳು ಪ್ರತಿ ಬೆಳಗ್ಗೆ ಫೋನ್ ತೆಗೆಯುವ ಮೊದಲು ತೂಕದ ಯಂತ್ರದ ಬಳಿ ಬಂದು ನಿಲ್ಲತೊಡಗಿದಳು.

ನನ್ನ ದಾರಿಯೂ ನೇರವಾಗಿಯೇನೂ ಇರಲಿಲ್ಲ. ಕೆಲವು ದಿನಗಳ ನಂತರ ಅದೇ ಡೋಸಿಗೆ ಮೂತ್ರ ಕಡಿಮೆಯಾಗುತ್ತ ಬಂತು. ಫ್ಯೂರೋಸೆಮೈಡ್ ಮೂತ್ರಪಿಂಡದ ನಳಿಕೆಯ ಒಂದು ಭಾಗದಲ್ಲಿ, ಸೋಸಿ ಬಂದ ಉಪ್ಪಿನಲ್ಲಿ ಸುಮಾರು ಕಾಲು ಪಾಲನ್ನು ಹಿಂದಕ್ಕೆ ಎಳೆದುಕೊಳ್ಳುವ ಜಾಗದಲ್ಲಿ, ಆ ಎಳೆತವನ್ನು ತಡೆಯುತ್ತದೆ. ಆದರೆ ಅಲ್ಲಿ ತಪ್ಪಿಸಿಕೊಂಡ ಉಪ್ಪು ಮುಂದಿನ ಭಾಗಕ್ಕೆ ಬಂದಾಗ ಆ ಭಾಗ ಹಿಗ್ಗಿ, ಬಲಿತು, ತಾನೇ ಹೆಚ್ಚು ಹೆಚ್ಚು ಉಪ್ಪನ್ನು ಉಳಿಸಿಕೊಳ್ಳತೊಡಗುತ್ತದೆ. ದೇಹದ ಹಟಮಾರಿತನ ಎಂದರೆ ಇದೇ ಇರಬೇಕು. ಅದಕ್ಕೆ ಎದುರಾಗಿ ಆ ಮುಂದಿನ ಭಾಗವನ್ನೇ ಹಿಡಿಯುವ ಮೆಟೊಲಜೋನ್ ಎಂಬ ಮಾತ್ರೆಯನ್ನು ಸೇರಿಸಿದರು. ಮೂತ್ರ ಮತ್ತೆ ಹರಿಯಿತು, ಆದರೆ ಜೊತೆಗೆ ರಕ್ತದ ಸೋಡಿಯಂ 131ಕ್ಕೂ ಪೊಟ್ಯಾಸಿಯಂ 3.1ಕ್ಕೂ ಇಳಿದವು. ಮಧ್ಯರಾತ್ರಿ ಮೀನಖಂಡ ಹಿಡಿದುಕೊಂಡು ಕೂಗಿಕೊಂಡದ್ದು ನೆನಪಿದೆ. ಕ್ರಿಯಾಟಿನಿನ್ ಬಗ್ಗೆ ನಾವೆಲ್ಲ ಅಷ್ಟು ತಲೆಕೆಡಿಸಿಕೊಂಡಿದ್ದೆವಲ್ಲ, ಪೊಟ್ಯಾಸಿಯಂ ಇಳಿದಾಗ ವೈದ್ಯರ ಮುಖ ಅದಕ್ಕಿಂತ ಗಂಭೀರವಾಯಿತು, ಏಕೆಂದರೆ ಅದು ಹೃದಯದ ಲಯವನ್ನೇ ಕೆಡಿಸಬಲ್ಲದು. ಇಸಿಜಿ ತೆಗೆಸಿ, ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಕೊಟ್ಟು, ಮೆಟೊಲಜೋನನ್ನು ಬೇಗನೆ ನಿಲ್ಲಿಸಿದರು.

ಹಾಸಿಗೆಯಲ್ಲೇ ಇದ್ದು ಮಂಡಿ ಹಿಡಿದುಕೊಂಡಿತ್ತು. ಮನೆಯಲ್ಲಿ ನೋವು ಬಂದಾಗ ನುಂಗುತ್ತಿದ್ದ ಡೈಕ್ಲೋಫೆನಾಕ್ ಮಾತ್ರೆ ಕೊಡಿ ಎಂದು ಕೇಳಿದೆ. ಸಿಸ್ಟರ್ ಅದಕ್ಕೆ ಸುತರಾಂ ಒಪ್ಪದೆ ಪ್ಯಾರಸಿಟಮಾಲ್ ಕೊಟ್ಟರು. ಆ ಜಾತಿಯ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ರಕ್ತ ತರುವ ಸಣ್ಣ ನಾಳವನ್ನು ಕುಗ್ಗಿಸುತ್ತವೆ, ಉಪ್ಪು ನೀರನ್ನು ಮೈಯಲ್ಲೇ ಹಿಡಿದಿಡುತ್ತವೆ, ನೀರಿನ ಇಂಜೆಕ್ಷನ್ನಿನ ಕೆಲಸವನ್ನೂ ತಗ್ಗಿಸುತ್ತವೆ. ಹೃದಯ ವೈಫಲ್ಯ ಇರುವವರು ಅವುಗಳನ್ನು ಅಂಗಡಿಯಿಂದ ತಾವೇ ತಂದು ನುಂಗುವುದರಿಂದ ಆಗುವ ಕೇಡು ಈ ಇಂಜೆಕ್ಷನ್ನಿನ ಬಗ್ಗೆ ಜನ ಪಡುವ ಭಯಕ್ಕಿಂತ ಎಷ್ಟೋ ನಿಜವಾದದ್ದು, ಆದರೆ ಅದರ ಬಗ್ಗೆ ಯಾರೂ ಫೋನ್ ಮಾಡಿ ಎಚ್ಚರಿಸುವುದಿಲ್ಲ.

ನಾನು ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ, ರಕ್ತನಾಳಗಳನ್ನು ಸಡಿಲಿಸುವ ಮಾತ್ರೆಯನ್ನು ಕ್ರಿಯಾಟಿನಿನ್ ಏರಿದ ಕಾರಣಕ್ಕೆ ನಿಲ್ಲಿಸಲಿಲ್ಲ. ರಕ್ತದೊತ್ತಡ ತಡೆದುಕೊಳ್ಳುವಷ್ಟಿದೆ, ಪೊಟ್ಯಾಸಿಯಂ ಏರಿಲ್ಲ, ಹಾಗಾಗಿ ಮುಂದುವರಿಯಲಿ ಎಂದರು. ಬಿಡುಗಡೆಗೆ ಮೊದಲು ಸಕ್ಕರೆ ಕಾಯಿಲೆಗೆಂದು ಬಂದು ಈಗ ಹೃದಯ ವೈಫಲ್ಯಕ್ಕೂ ಬಳಸುವ ಎಂಪಾಗ್ಲಿಫ್ಲೋಜಿನ್ ಮಾತ್ರೆಯನ್ನೂ ಶುರುಮಾಡಿ, ಇದರಿಂದ ಮೊದಲ ಕೆಲವು ವಾರ ಮೂತ್ರಪಿಂಡ ಸೋಸುವ ವೇಗ ಸ್ವಲ್ಪ ತಗ್ಗಿದಂತೆ ಕಂಡೀತು, ಅದನ್ನು ಕಂಡು ನೀವೇ ನಿಲ್ಲಿಸಬೇಡಿ ಎಂದು ಮೊದಲೇ ಹೇಳಿಬಿಟ್ಟರು. ಈ ಒಂದು ಮುನ್ಸೂಚನೆಯಿಂದ ನಮ್ಮ ಮನೆಯಲ್ಲಿ ಇನ್ನೊಂದು ಸುತ್ತಿನ ಗಾಬರಿ ತಪ್ಪಿತು.

ಇಂಜೆಕ್ಷನ್ ನಿಲ್ಲಿಸುವ ದಿನವನ್ನು ಗುರುತಿಸಿದ್ದು ಕೂಡ ಇದೇ ಬಗೆಯ ನೋಟದಿಂದ. ಕಾಲಿನಲ್ಲಿ ಕುಳಿ ಬೀಳುತ್ತಿರಲಿಲ್ಲ, ಕತ್ತಿನ ನಾಳ ಇಳಿದಿತ್ತು, ಅಲ್ಟ್ರಾಸೌಂಡಿನ ಬಿಳಿಗೆರೆಗಳು ಮಾಯವಾಗಿದ್ದವು, ಒಂದೇ ದಿಂಬಿನಲ್ಲಿ ಮಲಗಿ ನಿದ್ದೆ ಮಾಡಿದ್ದೆ, ತೂಕ 68ಕ್ಕೆ ಬಂದಿತ್ತು. ಅದೇ ಬೆಳಗ್ಗೆ ಎದ್ದು ನಿಂತಾಗ ತಲೆ ತಿರುಗಿತು, ರಕ್ತದ ಇನ್ನೊಂದು ತ್ಯಾಜ್ಯವಾದ ಯೂರಿಯಾ ಕ್ರಿಯಾಟಿನಿನ್ನಿಗಿಂತ ಬೇಗಬೇಗನೆ ಏರಿತ್ತು, ಹಿಮೋಗ್ಲೋಬಿನ್ ಕೂಡ ಮೊದಲಿಗಿಂತ ಗಟ್ಟಿಯಾಗಿ ಕಾಣುತ್ತಿತ್ತು. ಇನ್ನು ಎಳೆದರೆ ಬೇಕಾದ ನೀರನ್ನೇ ಎಳೆದಂತೆ ಎಂದು ಮಾತ್ರೆಗೆ ಬದಲಿಸಿ, ಆ ಮಾತ್ರೆಯ ಮೇಲೆ ತೂಕ ನಿಲ್ಲುವುದನ್ನು ನೋಡಿಕೊಂಡೇ ಮನೆಗೆ ಕಳಿಸಿದರು. 1.7ರಲ್ಲಿ ಕೆಲವು ದಿನ ನಿಂತಿದ್ದ ಕ್ರಿಯಾಟಿನಿನ್ ಬಿಡುಗಡೆಯ ಹೊತ್ತಿಗೆ 1.5 ಆಗಿತ್ತು. ಆಮೇಲಿನ ವಾರಗಳಲ್ಲಿ 1.3ಕ್ಕೆ ಬಂದು ನಿಂತಿತು, ಹಳೆಯ 1.2ನ್ನು ಮತ್ತೆ ಮುಟ್ಟಲಿಲ್ಲ. ತಮ್ಮ ಆ 0.1ರ ಅಂತರವನ್ನು ಈಗಲೂ ಎತ್ತಿ ಆಡುತ್ತಾನೆ.

ಮನೆಯಲ್ಲಿ ಈಗ ನಡೆಯುವ ಕ್ರಮ ಇಷ್ಟು: ಬೆಳಗ್ಗೆ ಎದ್ದು ಮೂತ್ರ ಮಾಡಿ ಬಂದ ಮೇಲೆ, ಏನನ್ನೂ ತಿನ್ನುವ ಮೊದಲು, ಒಂದೇ ಯಂತ್ರದಲ್ಲಿ ತೂಕ ನೋಡಿ ಬರೆಯುವುದು, ಮೂರು ದಿನಗಳೊಳಗೆ ಎರಡು ಕಿಲೊ ಏರಿದರೆ ಕೂಡಲೇ ಆಸ್ಪತ್ರೆಗೆ ತಿಳಿಸುವುದು, ವಾಂತಿ ಭೇದಿಯಾಗಿ ನೀರು ಕಳೆದುಕೊಂಡ ದಿನ ನೀರಿನ ಮಾತ್ರೆಯನ್ನೂ ಹೊಸ ಮಾತ್ರೆಯನ್ನೂ ತೆಗೆದುಕೊಳ್ಳಬೇಕೇ ಬೇಡವೇ ಎಂದು ಕೇಳದೆ ನುಂಗದಿರುವುದು. ಮನೆಗೆ ಬಂದ ಮೊದಲ ಎರಡು ವಾರಗಳೊಳಗೆ ಒಮ್ಮೆ ರಕ್ತ ಪರೀಕ್ಷೆಯಾಯಿತು, ಆಮೇಲೆ ಅಂತರ ಹೆಚ್ಚಿಸಿದ್ದಾರೆ. ಮುಂದಿನ ಪರೀಕ್ಷೆಯ ಚೀಟಿಯಲ್ಲಿ ವೈದ್ಯರು ಕ್ರಿಯಾಟಿನಿನ್, ಯೂರಿಯಾ, ಸೋಡಿಯಂ, ಪೊಟ್ಯಾಸಿಯಂ ಎಂದು ಬರೆದು, ಕೆಳಗೆ ಅಡಿಗೆರೆ ಎಳೆದು, ರಿಪೋರ್ಟಿನ ಜೊತೆ ತೂಕದ ಪುಸ್ತಕವನ್ನೂ ತರಬೇಕು ಎಂದು ಸೇರಿಸಿದ್ದಾರೆ.